ಕಾಡಿನಲ್ಲಿ ನನಗಿಂತ ಮುಂದೆ ನಡೆದವರಿಗೆ

ಹೋದ ವಾರ ಟ್ರೇಲ್ಸ್ ಗೈಡ್ ಪರೀಕ್ಷೆ ಮುಗಿಯಿತು, ಪಾಸಾದೆ. ಇನ್ನು ಮುಂದೆ ಅತಿಥಿಗಳನ್ನು ಜೀಪಿನಿಂದ ಇಳಿಸಿ, ಆನೆ, ಸಿಂಹ, ಕಾಡೆಮ್ಮೆಗಳಿರುವ ಕಾಡಿನೊಳಗೆ ನಾನೇ ಕಾಲ್ನಡಿಗೆಯಲ್ಲಿ ಕರೆದೊಯ್ಯಬಹುದು. ಸುದ್ದಿ ತಿಳಿದು ಹರಸಿದ ಎಲ್ಲರಿಗೂ ವಂದನೆ. ಒಬ್ಬೊಬ್ಬರಿಗೂ ಉತ್ತರ ಬರೆಯಲಾಗಿಲ್ಲ. ಕ್ಯಾಂಪಿನಲ್ಲಿ ಅಡುಗೆಮನೆಯ ಹಿಂಭಾಗ ಬಿಟ್ಟರೆ ಬೇರೆಲ್ಲೂ ಸಿಗ್ನಲ್ ಸಿಗುವುದಿಲ್ಲ. ಆದರೆ ಸರ್ಟಿಫಿಕೇಟಿನ ಮೇಲೆ ನನ್ನೊಬ್ಬಳದೇ ಹೆಸರು ನೋಡಿ ಮನಸ್ಸು ತಡೆಯಲಿಲ್ಲ. ಇದರ ಹಿಂದೆ ಯಾರ್‍ಯಾರಿದ್ದಾರೆ ಎಂದು ಹೇಳಲೇಬೇಕು.

ನಾನಿರುವುದು ದಕ್ಷಿಣ ಆಫ್ರಿಕಾದಲ್ಲಿ, ಕ್ರೂಗರ್ ರಾಷ್ಟ್ರೀಯ ಉದ್ಯಾನದ ಪಶ್ಚಿಮ ಅಂಚಿಗೆ ಹೊಂದಿಕೊಂಡ ಒಂದು ಖಾಸಗಿ ರಿಸರ್ವ್‌ನಲ್ಲಿ. 1926ರಲ್ಲಿ ಘೋಷಣೆಯಾದ ಕ್ರೂಗರ್‌ಗೂ ಈ ಭಾಗದ ಕಾಡುಗಳಿಗೂ ನಡುವೆ ಇದ್ದ ಬೇಲಿಯನ್ನು 1990ರ ದಶಕದಲ್ಲಿ ತೆಗೆದರು. ಪ್ರಾಣಿಗಳು ಈಗ ಮನಸ್ಸು ಬಂದತ್ತ ಹೋಗುತ್ತವೆ.

ಮೊದಲ ಕೃತಜ್ಞತೆ ನಮ್ಮ ಹಿರಿಯ ಟ್ರ್ಯಾಕರ್‌ಗೆ. ಶಾಂಗಾನ್ ಸಮುದಾಯದವರು, ಬಾಲ್ಯದಲ್ಲಿ ದನ ಕಾಯುತ್ತಾ ಹೆಜ್ಜೆ ಓದಲು ಕಲಿತವರು. ಲ್ಯಾಂಡ್ ಕ್ರೂಸರ್‌ನ ಬಾನೆಟ್ ಮುಂದಿನ ಪುಟ್ಟ ಸೀಟಿನಲ್ಲಿ ಕೂತು ಮಣ್ಣು ನೋಡುತ್ತಾ ಹೋಗುವ ಅವರು ಕೈ ಎತ್ತಿದರೆಂದರೆ ಗಾಡಿ ನಿಲ್ಲಬೇಕು. ಸಿಂಹದ ಹೆಜ್ಜೆಯ ಮೇಲೆ ರಾತ್ರಿಯ ಹುಳುಗಳು ಹರಿದಾಡಿದ ಸಣ್ಣ ಗೆರೆಗಳಿದ್ದರೆ ಅದು ಹಳೆಯದು. ಇಬ್ಬನಿಯ ಹನಿ ಬಿದ್ದ ಗುರುತುಗಳನ್ನು ತುಳಿದು ಹೋಗಿದ್ದರೆ ಬೆಳಗಿನದು. ಇಷ್ಟನ್ನು ಪುಸ್ತಕದಲ್ಲೂ ಓದಬಹುದು. ಹೆಜ್ಜೆ ಬಂಡೆಯ ಮೇಲೆ ಮಾಯವಾದಾಗ ಆ ಸಿಂಹ ಎತ್ತ ಹೋಗಿರಬಹುದು ಎಂದು ಅದರಂತೆಯೇ ಯೋಚಿಸುವುದನ್ನು ಅವರ ಬೆನ್ನ ಹಿಂದೆ ನಡೆದೇ ಕಲಿಯಬೇಕಾಯಿತು. ನಮ್ಮ ನಾಗರಹೊಳೆಯ ಜೇನುಕುರುಬರು, ಬಿಳಿಗಿರಿರಂಗನ ಬೆಟ್ಟದ ಸೋಲಿಗರು ನಮ್ಮ ಈ ಟ್ರ್ಯಾಕರ್ ಜೊತೆ ಒಂದು ದಿನ ಕಾಡು ಸುತ್ತಿದರೆ ಭಾಷೆ ಬಾರದಿದ್ದರೂ ಮಾತು ನಡೆದೀತು ಎಂದು ಎಷ್ಟೋ ಸಲ ಅನ್ನಿಸಿದೆ.

ಪರೀಕ್ಷೆಗೆ ಕೂರುವ ಮೊದಲು ಅಪಾಯದ ಪ್ರಾಣಿಗಳು ಕಾಲ್ನಡಿಗೆಯಲ್ಲಿ ಎದುರಾದದ್ದನ್ನೆಲ್ಲ ಲಾಗ್‌ಬುಕ್ಕಿನಲ್ಲಿ ಬರೆಯಬೇಕು. ಅವುಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದರಲ್ಲಿ ಪ್ರಾಣಿ ಸರಿಯಾಗಿ ಕಾಣಲೇ ಇಲ್ಲ. ಒಣಗಿದ ಹಳ್ಳದ ದಂಡೆ, ಎದೆಮಟ್ಟದ ಪೊದೆ. ಟ್ರ್ಯಾಕರ್ ತಟಕ್ಕನೆ ನಿಂತರು. ಮುಂದಿನ ಪೊದೆಯಿಂದ ಆಕ್ಸ್‌ಪೆಕರ್ ಹಕ್ಕಿಗಳು ಚರ್ರೆಂದು ಮೇಲೆದ್ದವು. ದೊಡ್ಡ ಪ್ರಾಣಿಗಳ ಮೈಮೇಲಿನ ಉಣ್ಣೆಹುಳು ಹೆಕ್ಕುವ ಹಕ್ಕಿಗಳವು. ಅವು ಎದ್ದವೆಂದರೆ ಕೆಳಗೆ ಯಾರೋ ಇದ್ದಾರೆ. ಟ್ರ್ಯಾಕರ್ ಬೂದಿ ತುಂಬಿದ ಚೀಲವನ್ನು ಮೆಲ್ಲಗೆ ತಟ್ಟಿದರು. ಬೂದಿ ನಮ್ಮ ಕಡೆಗೇ ತೇಲಿ ಬಂತು. ಗಾಳಿ ನಮ್ಮ ಪರವಾಗಿತ್ತು, ನಮ್ಮ ವಾಸನೆ ಅತ್ತ ಹೋಗುತ್ತಿರಲಿಲ್ಲ. ಎಲೆಗಳ ಸಂದಿಯಲ್ಲಿ ಒಂದು ಕೊಂಬಿನ ಬುಡ, ಕೆಸರು ಮೆತ್ತಿದ ಒಂದು ಭುಜ. ಹಿಂಡು ಬಿಟ್ಟ ಮುದಿ ಕಾಡೆಮ್ಮೆ ಕೋಣಗಳು, ಇಲ್ಲಿನ ಗೈಡ್‌ಗಳ ಬಾಯಲ್ಲಿ ‘ಡಗ್ಗಾ ಬಾಯ್ಸ್’, ಅಂದರೆ ಕೆಸರಿನ ಹುಡುಗರು. ಹತ್ತಿರದಲ್ಲಿ ಬೆಚ್ಚಿಬಿದ್ದರೆ ಓಡಿಹೋಗುವ ಬದಲು ನುಗ್ಗಿಬಂದಾವು. ಬಂದ ಹೆಜ್ಜೆಯಲ್ಲೇ ಒಬ್ಬರ ಹಿಂದೊಬ್ಬರು ಹಿಂದಕ್ಕೆ ಸರಿದೆವು. ಕೋಣಗಳು ಮೆಲುಕು ಹಾಕುತ್ತಲೇ ಇದ್ದವು. ಸಾಕಷ್ಟು ದೂರ ಬಂದ ಮೇಲೆ ಅವರು ನನ್ನತ್ತ ತಿರುಗಿ ನಕ್ಕರು. ನಾವು ಬಂದದ್ದೂ ಹೋದದ್ದೂ ಪ್ರಾಣಿಗೆ ಗೊತ್ತಾಗಬಾರದು, ಅವರ ಲೆಕ್ಕದಲ್ಲಿ ಗೈಡ್ ಪಾಸಾಗುವುದು ಅದರಲ್ಲಿ.

ಆನೆಯ ಪಾಠ ಹೇಳಿದವರು ನನ್ನ ಮೆಂಟರ್. ಕಬಿನಿ ಕಡೆಯ ಹುಡುಗಿ, ಆನೆ ನೋಡಿಯೇ ಬೆಳೆದವಳು ಎಂಬ ಧೈರ್ಯ ನನಗಿತ್ತು. ಅವರು ಮೊದಲಿನಿಂದ ಕಲಿಸಿದರು. ನಮ್ಮಲ್ಲಿ ಕೆನ್ನೆಯ ಮೇಲೆ ಮದಜಲ ಇಳಿದರೆ ಸಲಗಕ್ಕೆ ಮದವೇರಿದೆ ಎನ್ನುತ್ತೇವೆ. ಆಫ್ರಿಕಾದ ಆನೆಗಳಲ್ಲಿ ಹೆಣ್ಣಿಗೂ ಮರಿಗೂ ಕೆನ್ನೆ ಒದ್ದೆಯಾಗುತ್ತದೆ, ಅದೊಂದನ್ನೇ ನಂಬುವಂತಿಲ್ಲ. ಮೂತ್ರ ತೊಟ್ಟಿಕ್ಕಿ ಹಿಂಗಾಲು ತೋಯ್ದಿದೆಯೇ, ಘಾಟು ವಾಸನೆ ಇದೆಯೇ ನೋಡಬೇಕು. ಕಿವಿಯಗಲಿಸಿ ಧೂಳೆಬ್ಬಿಸಿ ಬರುವ ಆನೆ ಹೆಚ್ಚಿನ ಸಲ ಹೆದರಿಸಿ ನಿಲ್ಲುತ್ತದೆ. ಆಗ ಓಡಬಾರದು. ನನ್ನ ಕಾಲು ಓಡಲು ಹೊರಟಾಗಲೆಲ್ಲ ಹಿಂದಿನಿಂದ ಮೆಲುದನಿಯಲ್ಲಿ “ನಿಲ್ಲು, ನಿಲ್ಲು” ಎನ್ನುತ್ತಿದ್ದ ಆ ಧ್ವನಿಗೆ ನಾನು ಋಣಿ. ಇವತ್ತಿನವರೆಗೂ ನನ್ನ ರೈಫಲ್ಲಿನ ಗುಂಡು ಶೂಟಿಂಗ್ ರೇಂಜಿನ ಹೊರಗೆ ಹಾರಿಲ್ಲ. ಅದಕ್ಕೆ ಅವರೇ ಕಾರಣ.

ಕಳ್ಳಬೇಟೆ ತಡೆಯುವ ರಾತ್ರಿ ಗಸ್ತಿನವರನ್ನು ಮರೆಯಲಾರೆ. 2014ರಲ್ಲಿ ಈ ದೇಶದಲ್ಲಿ ಕಳ್ಳಬೇಟೆಗಾರರಿಗೆ ಬಲಿಯಾದ ಘೇಂಡಾಮೃಗಗಳು 1,215. ಘೇಂಡಾಮೃಗ ಎಲ್ಲಿ ಕಂಡಿತೆಂದು ನಾವು ಇಂದಿಗೂ ಹೊರಗೆ ಹೇಳುವುದಿಲ್ಲ, ಫೋಟೋದೊಂದಿಗೆ ಜಾಗವನ್ನೂ ಹಾಕುವುದಿಲ್ಲ. ಕ್ರೂಗರ್ ಪಕ್ಕದ ಬಲೂಲೆ ಕಾಡಿನಲ್ಲಿ 2013ರಿಂದ ಗಸ್ತು ತಿರುಗುತ್ತಿರುವ ಬ್ಲ್ಯಾಕ್ ಮಾಂಬಾ ಪಡೆಯ ಹೆಣ್ಣುಮಕ್ಕಳು ಬಂದೂಕಿಲ್ಲದೆ ಬೇಲಿಯುದ್ದಕ್ಕೂ ನಡೆದು ಉರುಳುಗಳನ್ನು ಕಿತ್ತು ತರುತ್ತಾರೆ. ಅವರ ಬಗ್ಗೆ ತಿಳಿದ ದಿನವೇ ಈ ಕೆಲಸ ನನ್ನಿಂದಲೂ ಆದೀತು ಅನ್ನಿಸಿತ್ತು.

ಅಮ್ಮ, ನಿನಗೆ ಏನು ಹೇಳಲಿ? “ಹೆಣ್ಣುಮಗಳು ಕೋವಿ ಹೊತ್ತು ಕಾಡು ಅಲೆಯೋದಾ?” ಎಂದ ನೆಂಟರಿಗೆಲ್ಲ ಉತ್ತರ ಕೊಟ್ಟವಳು ನೀನು. ಅಣ್ಣ, ಕೋರ್ಸಿನ ಫೀಸಿಗೆ ನೀನು ಕೊಟ್ಟ ದುಡ್ಡಿನ ಲೆಕ್ಕ ನನ್ನ ಹತ್ತಿರ ಇದೆ.

ಇತ್ತ ಬರುವ ಕನ್ನಡದ ಸ್ನೇಹಿತರಲ್ಲಿ ಒಂದು ಕೋರಿಕೆ. ಚಿರತೆ ತೋರಿಸಿದರೆಂದು ನೀವು ಸ್ಟಿಯರಿಂಗ್ ಹಿಡಿದ ಗೈಡ್‌ನ ಕೈ ಕುಲುಕುತ್ತೀರಿ. ಆ ಚಿರತೆಯನ್ನು ಹುಡುಕಿದವರು ಬಹುಪಾಲು ಬಾನೆಟ್ ಮುಂದೆ ಚಳಿಯಲ್ಲಿ ಕೂತವರು. ಅವರ ಹೆಸರು ಕೇಳಿ, ಫೋಟೋಗೆ ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ. ಹೊರಡುವಾಗ ಟಿಪ್ಸ್ ಕೊಡುವುದಿದ್ದರೆ ಅವರ ಪಾಲನ್ನು ಬೇರೆ ಕವರಿನಲ್ಲಿ ಹಾಕಿ ಅವರ ಕೈಗೇ ಕೊಡಿ.