ಸಂಡೂರಿನ ಹಾಕಿ ಹುಡುಗಿಯರ ಆಟ ನೋಡಲು ಬನ್ನಿ: ಶಾಸಕರಿಗೊಂದು ಬಹಿರಂಗ ಪತ್ರ

ಸಂಡೂರು ಕ್ಷೇತ್ರದ ಮಾನ್ಯ ಶಾಸಕರಿಗೆ,

ನಮಸ್ಕಾರ.

ನಮ್ಮ ತಾಲೂಕಿನ ಹುಡುಗಿಯರ ಹಾಕಿ ತಂಡದ ಬಗ್ಗೆ ನಿಮ್ಮ ಹತ್ತಿರ ಮಾತಾಡಬೇಕಿದೆ. ಇಂಥ ಒಂದು ತಂಡ ಇದೆ ಅಂತ ಊರಿನ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಅದಕ್ಕೇ ಪತ್ರವನ್ನು ಲಕೋಟೆಯಲ್ಲಿ ಹಾಕಿ ಕಳಿಸದೆ, ಊರಿನವರೂ ಓದಲಿ ಅಂತ ಹೀಗೆ ಬರೆಯುತ್ತಿದ್ದೇನೆ.

ಸಂಜೆ ಶಾಲೆ ಬಿಟ್ಟ ಮೇಲೆ ಮೈದಾನಕ್ಕೆ ಬಂದರೆ ಅವರು ಕಾಣುತ್ತಾರೆ. ತಾಂಡಾದ ಮಕ್ಕಳಿದ್ದಾರೆ, ಗಣಿ ಕ್ಯಾಂಪಿನ ಮಕ್ಕಳಿದ್ದಾರೆ, ಪೇಟೆ ಓಣಿಯವರೂ ಇದ್ದಾರೆ. ಕೆಲವರ ಅಪ್ಪಂದಿರು ಅದಿರು ಲಾರಿ ಓಡಿಸುತ್ತಾರೆ. ಕಲಿಸುವವರು ಒಬ್ಬ ಪಿಇ ಮೇಷ್ಟ್ರು. ಶಾಲೆ ಕೆಲಸ ಮುಗಿಸಿ, ಕತ್ತಲಾಗುವ ತನಕ ಅಲ್ಲೇ ಇರುತ್ತಾರೆ. ಗೋಲ್‌ಕೀಪರ್ ಪ್ಯಾಡ್ ಇರುವುದು ಒಂದೇ ಜೊತೆ. ಇಬ್ಬರು ಹುಡುಗಿಯರು ಅದನ್ನೇ ಸರದಿ ಮೇಲೆ ಕಟ್ಟಿಕೊಳ್ಳುತ್ತಾರೆ. ನೆಲ ಕೆಂಪು ಮಣ್ಣು. ಅಭ್ಯಾಸ ಮುಗಿಯುವ ಹೊತ್ತಿಗೆ ಬಿಳಿ ಸಾಕ್ಸ್ ಯಾವ ಬಣ್ಣಕ್ಕೆ ಬಂದಿರುತ್ತದೆ ಅಂತ ಸಂಡೂರಿನವರಿಗೆ ಹೇಳಬೇಕಾಗಿಲ್ಲ.

ಆದರೆ ಆಟ ಚೆನ್ನಾಗಿದೆ. ಅಭಿಮಾನಕ್ಕೆ ಹೇಳುವ ಮಾತಲ್ಲ ಇದು. ಮಣ್ಣಿನ ಮೇಲೆ ಚೆಂಡು ಯಾವಾಗ ಪುಟಿಯುತ್ತದೆ, ಯಾವ ಕಡೆ ತಿರುಗುತ್ತದೆ ಗೊತ್ತಾಗುವುದಿಲ್ಲ. ಅಂಥ ನೆಲದಲ್ಲಿ ಓಡುತ್ತಲೇ ಚೆಂಡನ್ನು ಸ್ಟಿಕ್‌ಗೆ ಅಂಟಿಸಿಕೊಂಡು, ತಲೆ ಎತ್ತಿ, ಇನ್ನೊಂದು ಬದಿಯಲ್ಲಿರುವ ಗೆಳತಿಗೆ ಪಾಸ್ ಕೊಡುವುದು ಸುಮ್ನೆ ಬರುವ ಕೆಲಸ ಅಲ್ಲ. ಈ ಮಕ್ಕಳು ಅದನ್ನು ಮಾಡುತ್ತಾರೆ.

ಮ್ಯಾಚ್ ಇದ್ದ ದಿನ ನೋಡಲು ಬರುವವರು ಕೆಲವು ಅಮ್ಮಂದಿರು, ಒಂದಿಬ್ಬರು ಅಜ್ಜಂದಿರು, ಸೈಕಲ್ ನಿಲ್ಲಿಸಿ ಸ್ವಲ್ಪ ಹೊತ್ತು ನೋಡಿ ಹೋಗುವ ಹುಡುಗರು. ಗೋಲು ಬಿದ್ದಾಗ ಕೇಳಿಸುವುದು ಆಟಗಾರ್ತಿಯರದೇ ಕೂಗು. ಇದೇ ಊರಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ಟೂರ್ನಿ ಆದರೆ ಲೈಟು, ಮೈಕು, ಶಾಮಿಯಾನ ಎಲ್ಲ ಇರುತ್ತದೆ. ಕೂರಲು ಜಾಗ ಸಿಗುವುದಿಲ್ಲ. ಅದೂ ಬೇಕು, ನಾನೂ ಹೋಗಿ ನೋಡುವವನೇ. ಆ ಜನರಲ್ಲಿ ಕಾಲು ಭಾಗ ಈ ಕಡೆ ಬಂದರೂ ಸಾಕು ಅನ್ನುವುದಷ್ಟೇ ನನ್ನ ಆಸೆ.

2021ರ ಆಗಸ್ಟ್ ನಿಮಗೂ ನೆನಪಿರಬಹುದು. ಟೋಕಿಯೊದಲ್ಲಿ ಗುರ್ಜೀತ್ ಕೌರ್ ಹೊಡೆದ ಒಂದೇ ಗೋಲಿನಿಂದ ನಮ್ಮ ಹುಡುಗಿಯರು ಆಸ್ಟ್ರೇಲಿಯಾವನ್ನು ಸೋಲಿಸಿ ಒಲಿಂಪಿಕ್ಸ್ ಸೆಮಿಫೈನಲ್ ಸೇರಿದರು. ಕಂಚಿನ ಪದಕದ ಪಂದ್ಯ ಬ್ರಿಟನ್ ಜೊತೆ. ಬೆಳಗ್ಗೆ ಏಳಕ್ಕೇ ಜನ ಟೀವಿ ಮುಂದೆ ಕೂತಿದ್ದರು. 3-4ರಲ್ಲಿ ಸೋತಾಗ ಆ ಮಕ್ಕಳ ಜೊತೆ ನಾವೂ ಅತ್ತೆವು. ಅಷ್ಟು ದೂರದ ಆಟಕ್ಕೆ ಅತ್ತವರು ನಮ್ಮ ಮೈದಾನದ ಗೇಟಿನ ಒಳಗೆ ಬರುವುದಿಲ್ಲ ಅಂದರೆ ಹೇಗೆ? ಆ ತಂಡದ ಸಲೀಮಾ ಟೇಟೆ ಜಾರ್ಖಂಡಿನ ಸಿಮ್ಡೇಗಾ ಜಿಲ್ಲೆಯ ಹಳ್ಳಿಯವರು. ಬಿದಿರಿನ ಕೋಲು ಹಿಡಿದು ಆಡಲು ಕಲಿತವರು. ಆಮೇಲೆ ಭಾರತ ತಂಡದ ನಾಯಕಿಯಾದರು.

ಸಿಮ್ಡೇಗಾದ ಪಕ್ಕದಲ್ಲೇ ಒಡಿಶಾದ ಸುಂದರಗಢ. ಈ ಜಿಲ್ಲೆಯ ವಿಷಯ ಸ್ವಲ್ಪ ಹೆಚ್ಚು ಹೇಳಬೇಕು. ಅದೂ ನಮ್ಮ ಹಾಗೇ ಕಬ್ಬಿಣದ ಅದಿರಿನ ಜಿಲ್ಲೆ. ನಮಗೆ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆ ಇದ್ದರೆ ಅವರಿಗೆ ರೂರ್ಕೆಲಾದಲ್ಲಿದೆ. ಅದೇ ಗುಡ್ಡ, ಅದೇ ಧೂಳು, ಅದೇ ಲಾರಿ. ಭಾರತ ತಂಡಕ್ಕೆ ಹಾಕಿ ಆಡಿದ ದಿಲೀಪ್ ಟಿರ್ಕಿ, ಅಮಿತ್ ರೋಹಿದಾಸ್, ದೀಪ್ ಗ್ರೇಸ್ ಎಕ್ಕಾ ಎಲ್ಲ ಅಲ್ಲಿಯವರು. ಈಗ ರೂರ್ಕೆಲಾದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಕೂರುವ ಬಿರ್ಸಾ ಮುಂಡಾ ಹಾಕಿ ಕ್ರೀಡಾಂಗಣ ಇದೆ. 2023ರ ವಿಶ್ವಕಪ್ ಪಂದ್ಯಗಳು ಅಲ್ಲಿ ನಡೆದವು. ಒಡಿಶಾ ಸರ್ಕಾರ 2018ರಿಂದ ದೇಶದ ಹಾಕಿ ತಂಡಗಳಿಗೇ ಪ್ರಾಯೋಜಕ.

ಆದರೆ ಕ್ರೀಡಾಂಗಣ ಬಂದದ್ದು ಆಮೇಲೆ. ಮೊದಲು ಬಂದದ್ದು ಜನ. ಆ ಕಡೆಯ ಹಳ್ಳಿಗಳಲ್ಲಿ ಗೆದ್ದ ತಂಡಕ್ಕೆ ಆಡನ್ನು ಬಹುಮಾನ ಕೊಡುವ ಹಾಕಿ ಟೂರ್ನಿಗಳು ಹಿಂದಿನಿಂದಲೂ ನಡೆಯುತ್ತಿವೆ. ಊರಿಗೆ ಊರೇ ಗದ್ದೆ ಬದಿಯಲ್ಲಿ ನಿಂತು ನೋಡುತ್ತದೆ. ಹಾಗೆ ನೋಡುವವರ ಮುಂದೆ ಆಡಿ ಬೆಳೆದ ಮಕ್ಕಳು ದೊಡ್ಡ ಮೈದಾನದಲ್ಲಿ ಹೆದರುವುದಿಲ್ಲ. ನಮ್ಮ ಕೊಡಗೂ ಹಾಗೇ ಅಲ್ವಾ? 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ ಕೊಡವ ಕುಟುಂಬಗಳ ಹಾಕಿ ಹಬ್ಬಕ್ಕೆ 2024ರಲ್ಲಿ ನಾಪೋಕ್ಲಿನಲ್ಲಿ 360 ತಂಡ ಬಂದವು. ಅಲ್ಲಿ ಆಟಗಾರರನ್ನು ಬೆಳೆಸಿದ್ದು ಬೌಂಡರಿ ಗೆರೆ ಆಚೆ ಕೂತ ಅಜ್ಜಿ, ಮಾವ, ಅತ್ತೆಯರು.

ಟರ್ಫ್, ಅಂದರೆ ಕೃತಕ ಹುಲ್ಲಿನ ಮೈದಾನ, ಬೇಡ ಅಂತ ಹೇಳುತ್ತಿಲ್ಲ, ಅದು ಬೇಕೇ ಬೇಕು. ಒಲಿಂಪಿಕ್ಸ್ ಹಾಕಿ 1976ರಲ್ಲಿ ಮಾಂಟ್ರಿಯಲ್‌ನಲ್ಲಿ ಕೃತಕ ಹುಲ್ಲಿಗೆ ಹೋಯಿತು. ಅಲ್ಲಿಯ ತನಕ ಪದಕ ಇಲ್ಲದೆ ಬರದಿದ್ದ ಭಾರತ ಆ ಸಲ ಏಳನೇ ಸ್ಥಾನಕ್ಕೆ ಇಳಿಯಿತು. ನೀರು ಹಾಕಿದ ಟರ್ಫ್ ಮೇಲೆ ಚೆಂಡು ಸರ್ರನೆ ಬರುತ್ತದೆ. ಮಣ್ಣಿನಲ್ಲಿ ಮಾತ್ರ ಆಡಿದ ಹುಡುಗಿ ಟರ್ಫ್ ಮೇಲೆ ನಿಂತ ಮೊದಲ ದಿನ, ಸ್ಟಿಕ್ ಇಡುವಷ್ಟರಲ್ಲಿ ಚೆಂಡು ದಾಟಿ ಹೋಗಿರುತ್ತದೆ. ಅವಳ ತಪ್ಪಲ್ಲ ಅದು.

ದುಡ್ಡಿನ ದಾರಿ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. 2015ರಲ್ಲಿ ಗಣಿ ಕಾನೂನಿಗೆ ತಿದ್ದುಪಡಿ ಆದ ಮೇಲೆ ಜಿಲ್ಲಾ ಖನಿಜ ಪ್ರತಿಷ್ಠಾನ, ಅಂದರೆ ಡಿಎಂಎಫ್, ಬಂತು. ಹಳೇ ಲೀಸ್ ಗಣಿಯಾದರೆ ಸರ್ಕಾರಕ್ಕೆ ಕಟ್ಟುವ ರಾಜಧನದ ಶೇ 30ರಷ್ಟು, ಹರಾಜಾದ ಗಣಿಯಾದರೆ ಶೇ 10ರಷ್ಟು ಅದಕ್ಕೆ ಸೇರಬೇಕು. ಗಣಿಯಿಂದ ತೊಂದರೆ ಪಟ್ಟ ಊರುಗಳಿಗೇ ಖರ್ಚಾಗಬೇಕಾದ ಹಣ ಅದು. ಶಿಕ್ಷಣದ ಬಾಬತ್ತಿನಲ್ಲಿ ಆಟದ ಸೌಲಭ್ಯಕ್ಕೂ ಅವಕಾಶ ಇಟ್ಟಿದ್ದಾರೆ. ಸಂಡೂರಿನಷ್ಟು ಅದಿರು ಕೊಟ್ಟ ತಾಲೂಕು ಇನ್ನೊಂದು ಯಾವುದಿದೆ? ನಮ್ಮ ತಾಲೂಕಿನಲ್ಲೇ 2018ರಲ್ಲಿ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಶುರುವಾಯಿತು. ನೀರಜ್ ಚೋಪ್ರಾ ಬಂದು ಅಭ್ಯಾಸ ಮಾಡಿದ ಜಾಗ ಅದು. ಕುಸ್ತಿ, ಬಾಕ್ಸಿಂಗ್, ಜೂಡೊ ಮಕ್ಕಳು ಅಲ್ಲಿ ತಯಾರಾಗುತ್ತಿದ್ದಾರೆ. ಒಳ್ಳೇ ಕೆಲಸ, ಸಂತೋಷ. ಹಾಕಿ ಆಡುವ ಮಕ್ಕಳಿಗೂ ಒಂದು ಟರ್ಫ್ ಬರಲಿ.

ಟರ್ಫ್‌ಗೆ ಟೆಂಡರ್ ಆಗಬೇಕು, ವರ್ಷಗಳು ಹಿಡಿಯಬಹುದು. ಈಗ ಕೇಳುತ್ತಿರುವುದಕ್ಕೆ ಅದೇನೂ ಬೇಡ. ಆಗಸ್ಟ್ 29 ಧ್ಯಾನ್‌ಚಂದ್ ಹುಟ್ಟಿದ ದಿನ, ರಾಷ್ಟ್ರೀಯ ಕ್ರೀಡಾ ದಿನ. ಆ ಸಂಜೆ ಸಂಡೂರಿನಲ್ಲಿ ಹುಡುಗಿಯರ ಒಂದು ಹಾಕಿ ಮ್ಯಾಚ್ ಇಡಿಸಿ. ಬಳ್ಳಾರಿಯಿಂದಲೋ ಹೊಸಪೇಟೆಯಿಂದಲೋ ಒಂದು ತಂಡ ಕರೆಸೋಣ. ಮಳೆ ಬಿದ್ದು ಗುಡ್ಡ ಹಸಿರಾಗಿರುವ ಕಾಲ, ಬಿಸಿಲಿನ ಕಾಟವೂ ಇರುವುದಿಲ್ಲ. ನೀವು ಬಂದು ಪೂರ್ತಿ ಆಟ ನೋಡಿ. ಹಾರ, ವೇದಿಕೆ, ಭಾಷಣ ಬೇಡ. ಜನರ ನಡುವೆ ಒಂದು ಕುರ್ಚಿಯಲ್ಲಿ ಕೂರಿ. ನೀವು ಬರುತ್ತೀರಿ ಅಂದರೆ ಊರು ಬರುತ್ತದೆ. ಒಂದು ಮೈಕ್ ಇರಲಿ. ಗೋಲು ಹೊಡೆದ ಹುಡುಗಿಯ ಹೆಸರನ್ನೂ ಅವಳ ಊರಿನ ಹೆಸರನ್ನೂ ಅದರಲ್ಲಿ ಕೂಗಿ ಹೇಳಲಿ. ಲಾರಿ ಡ್ಯೂಟಿ ಮುಗಿಸಿ ಬಂದ ಅಪ್ಪ ಅದನ್ನು ಕೇಳಿಸಿಕೊಳ್ಳಲಿ.

ಇನ್ನು ನಮ್ಮ ಕ್ರೀಡಾಭಿಮಾನಿಗಳಿಗೆ. ಅಣ್ಣಂದಿರೇ, ಅಕ್ಕಂದಿರೇ, ತಮ್ಮಂದಿರೇ, ಹಾಕಿ ಅರ್ಥ ಆಗಲ್ಲ ಅಂತ ದೂರ ಇರಬೇಡಿ. ಹದಿನೈದು ನಿಮಿಷದ ನಾಲ್ಕು ಕ್ವಾರ್ಟರ್, ಅಷ್ಟೇ ಆಟ. ಬ್ರೇಕ್ ಸೇರಿಸಿದರೂ ಒಂದೂವರೆ ಗಂಟೆಯೊಳಗೆ ಮುಗಿಯುತ್ತದೆ. ಗೋಲಿನ ಮುಂದೆ ಅರ್ಧ ವೃತ್ತದ ಹಾಗೆ ಗೆರೆ ಇರುತ್ತದಲ್ಲ, ಅದಕ್ಕೆ ಡಿ ಅಂತಾರೆ. ಅದರೊಳಗಿಂದ ಹೊಡೆದರೆ ಮಾತ್ರ ಗೋಲು. ಎದುರಾಳಿ ಡಿ ಒಳಗೆ ತಪ್ಪು ಮಾಡಿದರೆ ಪೆನಾಲ್ಟಿ ಕಾರ್ನರ್ ಸಿಗುತ್ತದೆ, ಆಗ ಮೊಬೈಲ್ ಒಳಗಿಡಿ. ಗೋಲ್‌ಕೀಪರ್ ಸೇರಿ ಐದೇ ಜನ ಗೋಲು ಕಾಯಬೇಕು, ಉಳಿದವರು ಅರ್ಧ ಮೈದಾನದ ಆಚೆ ನಿಂತಿರುತ್ತಾರೆ. ಚೆಂಡು ಡಿ ಹೊರಗೆ ಹೋಗಿ ಒಳಗೆ ಬರುವ ಆ ಕೆಲವು ಸೆಕೆಂಡು ನೋಡಿದವರು ಮುಂದಿನ ಮ್ಯಾಚಿಗೂ ಬರುತ್ತಾರೆ. ಬರುವಾಗ ನಿಮ್ಮ ಮನೆಯ ಹೆಣ್ಣುಮಕ್ಕಳನ್ನೂ ಕರೆದುಕೊಂಡು ಬನ್ನಿ. ಅಂಗಡಿಯವರು ಯಾರಾದರೂ ಗೋಲ್‌ಕೀಪರ್‌ಗೆ ಇನ್ನೊಂದು ಜೊತೆ ಪ್ಯಾಡ್ ಕೊಡಿಸಿದರೆ ಮೇಷ್ಟ್ರು ತುಂಬಾ ಖುಷಿಪಡುತ್ತಾರೆ.

ಶಾಸಕರೇ, ಆ ಸಂಜೆ ಬಿಡುವು ಮಾಡಿಕೊಳ್ಳುತ್ತೀರಾ ಅಂತ ಒಂದು ಮಾತು ತಿಳಿಸಿ. ಎದುರಾಳಿ ತಂಡವನ್ನು ಒಪ್ಪಿಸುವುದು, ಗೆರೆ ಹಾಕಿಸುವುದು, ಕುರ್ಚಿ ಜೋಡಿಸುವುದು ನಾವು ನೋಡಿಕೊಳ್ಳುತ್ತೇವೆ.

ಇಂತಿ,
ಸಂಡೂರಿನ ಒಬ್ಬ ಹಾಕಿ ಅಭಿಮಾನಿ