ಗೋಧಿ, ಓಟ ಮತ್ತು ನಡುವಿನ ನಾಲ್ಕು ಗಂಟೆ

ಪ್ರೀತಿಯ ಅಪ್ಪ, ಅಮ್ಮನಿಗೆ ನಮಸ್ಕಾರಗಳು.

ಓಡುವಾಗ ನನಗಾದ ಅಲರ್ಜಿಯ ಬಗ್ಗೆ ಫೋನಿನಲ್ಲಿ ನಾನು ಹೇಳಿದ್ದಕ್ಕಿಂತ ನಿಮಗಾದ ಗಾಬರಿಯೇ ಹೆಚ್ಚೆಂದು ತಮ್ಮ ಹೇಳಿದ. ಅದಕ್ಕೇ ಎಲ್ಲ ಬಿಡಿಸಿ ಬರೆಯುತ್ತಿದ್ದೇನೆ.

ಓಡುತ್ತಿದ್ದಾಗ ಮೊದಲು ಅಂಗೈ ನವೆಯಾಯಿತು. ಆಮೇಲೆ ಮೈಯೆಲ್ಲ ದದ್ದೆದ್ದು, ತುಟಿ ಊದಿ, ಉಸಿರು ಕಟ್ಟಿ, ಕಣ್ಣು ಕತ್ತಲೆ ಬಂತು. ಆಸ್ಪತ್ರೆಯಲ್ಲಿ ತೊಡೆಗೆ ಅಡ್ರಿನಲಿನ್ ಎಂಬ ಚುಚ್ಚುಮದ್ದು ಕೊಟ್ಟ ಮೇಲೆ ಸುಧಾರಿಸಿತು. ಗೋಧಿಯಲ್ಲಿರುವ ಒಮೆಗಾ-5 ಗ್ಲಯಾಡಿನ್ ಎಂಬ ಪ್ರೋಟೀನಿಗೆ ನನಗೆ ಅಲರ್ಜಿ ಎಂದು ರಕ್ತ ಪರೀಕ್ಷೆಯಲ್ಲಿ ಗೊತ್ತಾಯಿತು.

"ಚಿಕ್ಕಂದಿನಿಂದ ತಿಂದದ್ದು ಈಗ್ಯಾಕೆ ಆಗಿಬರಲ್ಲ?" ಅಂತ ನೀನು ಕೇಳಿದೆಯಲ್ಲ ಅಮ್ಮ, ಡಾಕ್ಟರನ್ನು ನಾನೂ ಅದನ್ನೇ ಕೇಳಿದೆ. ಇದರ ವಿಚಿತ್ರವೇ ಅದು. ಗೋಧಿ ತಿಂದು ಸುಮ್ಮನೆ ಕೂತರೆ ಏನೂ ಆಗುವುದಿಲ್ಲ, ತಿನ್ನದೆ ಓಡಿದರೂ ಆಗುವುದಿಲ್ಲ. ತಿಂದ ಕೆಲವು ಗಂಟೆಯೊಳಗೆ ಮೈ ದಣಿಸಿದರೆ ಕೆರಳುತ್ತದೆ, ಅದೂ ಪ್ರತಿ ಸಲವಲ್ಲ. ಹಾಗಾಗಿ ಎಷ್ಟೋ ಜನರಿಗೆ ವರ್ಷಗಟ್ಟಲೆ ಕಾರಣವೇ ಸಿಗುವುದಿಲ್ಲವಂತೆ. ವ್ಯಾಯಾಮದಿಂದ ಕರುಳಿನ ಒಳಪದರ ಸಡಿಲಗೊಂಡು ಪೂರ್ತಿ ಜೀರ್ಣವಾಗದ ಪ್ರೋಟೀನು ರಕ್ತಕ್ಕೆ ಸೇರುತ್ತದೆ ಎಂಬುದು ಒಂದು ವಿವರಣೆ. ವೈದ್ಯರು ಇಂಥದ್ದನ್ನು ಮೊದಲು ವರದಿ ಮಾಡಿದ್ದೇ 1979ರಲ್ಲಿ, ಚಿಪ್ಪುಜೀವಿಗಳನ್ನು ತಿಂದು ಓಡಿದವರೊಬ್ಬರ ವಿಷಯದಲ್ಲಿ. ಸೆಲರಿ, ಟೊಮೆಟೊ, ಬೀಜಗಳಿಂದಲೂ ಕೆಲವರಿಗೆ ಆಗುತ್ತದೆ.

ಅಪ್ಪ, ಮಾತ್ರೆಗಳ ಬಗ್ಗೆ ಕೇಳಿದ್ದಿರಿ. ಆಸ್ಪಿರಿನ್, ಐಬುಪ್ರೊಫೇನ್‌ನಂಥ ನೋವಿನ ಮಾತ್ರೆ ಇದನ್ನು ಇನ್ನಷ್ಟು ಕೆರಳಿಸಬಲ್ಲದು. ಮದ್ಯ, ಜ್ವರ, ನಿದ್ದೆಗೇಡು, ಮುಟ್ಟಿನ ದಿನಗಳೂ ಹಾಗೆಯೇ.

"ಓಟ ಬಿಟ್ಟುಬಿಡು" ಎಂಬ ಅಮ್ಮನ ಸಲಹೆ ನಾನು ಒಪ್ಪುವುದಿಲ್ಲ. ಬಿಟ್ಟರೂ ಪೂರ್ತಿ ಪಾರಾದಂತಲ್ಲ. ಕೆಲವರಿಗೆ ಬಿರುಸಿನ ನಡಿಗೆಯೇ ಸಾಕಂತೆ. ಗೋಧಿ ತಿಂದ ಮೇಲೆ ಕನಿಷ್ಠ ನಾಲ್ಕು ಗಂಟೆ ಓಡಬಾರದು, ಒಬ್ಬಳೇ ಹೋಗಬಾರದು, ಮೈ ನವೆಯಾದ ಕ್ಷಣವೇ ನಿಲ್ಲಿಸಬೇಕು ಎಂದು ಡಾಕ್ಟರು ಹೇಳಿದ್ದಾರೆ. ಬೆಳಗ್ಗೆ ಎದ್ದವಳೇ ಓಡಿ, ಆಮೇಲೆ ತಿಂಡಿ ತಿನ್ನುತ್ತೇನೆ. ಅದೇ ಸುಲಭ. ಅಡ್ರಿನಲಿನ್ ಪೆನ್ನುಗಳು, ಅಂದರೆ ಔಷಧಿ ತುಂಬಿಟ್ಟ, ನಾವೇ ಚುಚ್ಚಿಕೊಳ್ಳಬಹುದಾದ ಇಂಜೆಕ್ಷನ್‌ಗಳು, ಸದಾ ಸೊಂಟದ ಚೀಲದಲ್ಲಿರುತ್ತವೆ.

ಊರಿಗೆ ಬಂದಾಗ ಅವು ಎಲ್ಲಿವೆಯೆಂದು ಎಲ್ಲರಿಗೂ ತೋರಿಸುತ್ತೇನೆ. ತಮ್ಮನಿಗೆ ಈಗಲೇ ಓದಿ ಹೇಳಿ: ನನಗೆ ಹಾಗಾದರೆ ಮಲಗಿಸಿ ಕಾಲು ಎತ್ತರಿಸಬೇಕು, ಉಸಿರಾಟವೇ ಕಷ್ಟವಾದರೆ ಒರಗಿಸಿ ಕೂರಿಸಬೇಕು. ತೊಡೆಯ ಹೊರಭಾಗಕ್ಕೆ ಬಟ್ಟೆಯ ಮೇಲಿಂದಲೇ ಪೆನ್ನು ಚುಚ್ಚಿ ಆಂಬುಲೆನ್ಸ್ ಕರೆಯಬೇಕು. ಅಲರ್ಜಿ ಮಾತ್ರೆ ಕೊಟ್ಟು ಕಾಯುವುದು ಬೇಡ. ನೀನೂ ಅಷ್ಟೇ ಅಮ್ಮ, ನೀರು ಕುಡಿಸುತ್ತೇನೆಂದು ಎಬ್ಬಿಸಿ ನಡೆಸಬೇಡ.

ನಿಮ್ಮ ಮಗಳು