ತಲಪಾಡಿಯಲ್ಲಿ ಕಡಿದುಹೋಗುವ ಸಂಪರ್ಕ

ಮಾನ್ಯ ಸಂಪಾದಕರೇ,

ಕಳೆದ ಮಳೆಗಾಲದ ಒಂದು ರಾತ್ರಿ ಎದೆನೋವಿನಿಂದ ಬಳಲುತ್ತಿದ್ದ ನನ್ನ ತಾಯಿಯನ್ನು ಉಪ್ಪಳದಿಂದ ಮಂಗಳೂರಿನ ಆಸ್ಪತ್ರೆಯೊಂದಕ್ಕೆ ಆಂಬ್ಯುಲೆನ್ಸ್‌ನಲ್ಲಿ ಕರೆದೊಯ್ಯುತ್ತಿದ್ದೆವು. ಜತೆಗಿದ್ದ ನರ್ಸ್ ಫೋನಿನಲ್ಲಿ ಅಲ್ಲಿನ ವೈದ್ಯರಿಗೆ ರಕ್ತದೊತ್ತಡದ ಅಂಕಿಗಳನ್ನು ಹೇಳುತ್ತಿದ್ದಾಗಲೇ, ಕೇರಳ–ಕರ್ನಾಟಕ ಗಡಿಯ ತಲಪಾಡಿ ದಾಟುವಲ್ಲಿ ಕರೆ ಕಡಿಯಿತು. ಸಿಗ್ನಲ್ಲಿನ ಗೆರೆಗಳು ಮಾಯವಾಗಿ, ಮತ್ತೆ ಮೂಡಿ, ಆಕೆ ಪುನಃ ನಂಬರ್ ಒತ್ತಿ ವೈದ್ಯರು ಸಿಗುವಷ್ಟರಲ್ಲಿ ಕೋಟೆಕಾರು ಸಮೀಪಿಸಿತ್ತು. ತಾಯಿ ಈಗ ಚೇತರಿಸಿಕೊಂಡಿದ್ದಾರೆ. ಆದರೆ ಚಿಕಿತ್ಸೆಗೆ ಮಂಗಳೂರನ್ನೇ ನಂಬಿರುವ ಕಾಸರಗೋಡಿನವರಿಗೆ ಇದು ನಿತ್ಯದ ಅನುಭವವಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಒಂದೇ ಜಾಲದೊಳಗೆ ಸಾಗುವಾಗ ಮುಂದಿನ ಟವರ್ ಸಿದ್ಧವಾದ ಬಳಿಕವಷ್ಟೇ ಹಿಂದಿನದು ನಮ್ಮನ್ನು ಬಿಡುತ್ತದೆ. ಕರೆ ಕೈಬದಲಾದದ್ದು ನಮಗೆ ತಿಳಿಯುವುದೂ ಇಲ್ಲ. ಕೇರಳ ಮತ್ತು ಕರ್ನಾಟಕ ಬೇರೆ ಬೇರೆ ದೂರಸಂಪರ್ಕ ವೃತ್ತಗಳು, ಅಂದರೆ ಮೊಬೈಲ್ ಸೇವೆಗಾಗಿ ವಿಂಗಡಿಸಿದ ಪ್ರತ್ಯೇಕ ವಲಯಗಳು. ಅವುಗಳ ಗಡಿಯಲ್ಲಿ ಆ ಹಸ್ತಾಂತರದ ಏರ್ಪಾಡು ಇಲ್ಲದಿದ್ದರೆ ಫೋನು ಹಳೆಯ ಜಾಲವನ್ನು ಪೂರ್ತಿ ಕಳೆದುಕೊಂಡು, ಹೊಸದನ್ನು ಹುಡುಕಿ, ಅಲ್ಲಿ ಹೊಸದಾಗಿ ನೋಂದಣಿಯಾಗಬೇಕಾಗುತ್ತದೆ. ಗಂಟೆಗೆ 80 ಕಿ.ಮೀ. ವೇಗದ ವಾಹನ ಒಂದು ಸೆಕೆಂಡಿನಲ್ಲಿ 22 ಮೀಟರ್, ಒಂದು ನಿಮಿಷದಲ್ಲಿ 1.3 ಕಿ.ಮೀ.ಗೂ ಹೆಚ್ಚು ದೂರ ಸಾಗುತ್ತದೆ. ಮಾತನಾಡುವ ಮನುಷ್ಯ ಇಷ್ಟು ಹೊತ್ತು ಕಾಯಬಹುದು. ಮುಂದೆ ಅಪಘಾತವಾಗಿದೆ ಎಂಬ ಎಚ್ಚರಿಕೆಯನ್ನು ಜಾಲದ ಮೂಲಕ ಪಡೆದು ತಾನೇ ಬ್ರೇಕ್ ಹಾಕಬೇಕಾದ ವಾಹನಕ್ಕೆ ಅದು ಸಾಧ್ಯವಿಲ್ಲ.

ಯುರೋಪಿನಲ್ಲಿ ಈ ತೊಡಕನ್ನು ಬಿಡಿಸಲೆಂದೇ 2018ರ ನವೆಂಬರ್‌ನಲ್ಲಿ ಮೂರು 5ಜಿ ಯೋಜನೆಗಳು ಆರಂಭವಾದವು. ಇಟಲಿಯ ಬೊಲೊನ್ಯಾದಿಂದ ಬ್ರೆನ್ನರ್ ಕಣಿವೆಯ ಮೂಲಕ ಜರ್ಮನಿಯ ಮ್ಯೂನಿಕ್‌ವರೆಗಿನ ಸುಮಾರು 600 ಕಿ.ಮೀ. ಮಾರ್ಗ, ಫ್ರಾನ್ಸ್, ಜರ್ಮನಿ ಮತ್ತು ಲಕ್ಸೆಂಬರ್ಗ್ ಕೂಡುವ ಪ್ರದೇಶ, ಸ್ಪೇನ್–ಪೋರ್ಚುಗಲ್ ಹಾಗೂ ಗ್ರೀಸ್–ಟರ್ಕಿ ಗಡಿಗಳು ಅವುಗಳ ಪ್ರಯೋಗಭೂಮಿಯಾದವು. ಎರಡು ಕಂಪೆನಿಗಳ ಜಾಲಗಳನ್ನು ನೇರವಾಗಿ ಬೆಸೆದು, ವಾಹನ ಗಡಿ ಮುಟ್ಟುವ ಮೊದಲೇ ಆಚೆಯ ಜಾಲಕ್ಕೆ ಸೂಚನೆ ಕೊಡುವುದು, ತುರ್ತು ಮಾಹಿತಿಯನ್ನು ದೂರದ ಸರ್ವರ್‌ಗೆ ಕಳುಹಿಸದೆ ರಸ್ತೆಗೆ ಹತ್ತಿರದ ಕಂಪ್ಯೂಟರಿನಲ್ಲೇ ಸಂಸ್ಕರಿಸುವುದು ಅವರು ಪರೀಕ್ಷಿಸಿದ ಮುಖ್ಯ ಉಪಾಯಗಳು. ಅವರಿಗೆ ಎದುರಾದದ್ದು ಬೇರೆ ಬೇರೆ ದೇಶ, ಬೇರೆ ಬೇರೆ ಕಾನೂನು. ನಮ್ಮಲ್ಲಿ ದೇಶ ಒಂದೇ, ಪರವಾನಗಿ ಕೊಡುವ ಇಲಾಖೆ ಒಂದೇ, ಎಷ್ಟೋ ಸಲ ಗಡಿಯ ಎರಡೂ ಬದಿಯ ಕಂಪೆನಿಯೂ ಒಂದೇ. ಹೀಗಿದ್ದೂ ಕರೆ ಕಡಿಯುವುದನ್ನು ಸಹಿಸಿಕೊಳ್ಳಬೇಕೆಂಬುದು ನನಗೆ ಒಪ್ಪಿಗೆಯಾಗದು.

ಚಾಲಕನಿಲ್ಲದ ಕಾರು ಇಲ್ಲಿಗೆ ಯಾವಾಗ ಬಂದೀತು ಎಂದು ಕೆಲವರು ಕೇಳಬಹುದು. ಅದು ಬರುವವರೆಗೆ ಕಾಯಬೇಕಾಗಿಲ್ಲ. 2019ರಿಂದ ಹೊಸ ಬಸ್, ಟ್ಯಾಕ್ಸಿಗಳಲ್ಲಿ ಕಡ್ಡಾಯವಾದ ಸ್ಥಾನಸೂಚಕ ಯಂತ್ರ ಮತ್ತು ತುರ್ತು ಗುಂಡಿ ಮೊಬೈಲ್ ಜಾಲವನ್ನೇ ಅವಲಂಬಿಸಿವೆ. ಕಾಸರಗೋಡು–ಮಂಗಳೂರು ಬಸ್ಸಿನಲ್ಲಿ ಹೆಣ್ಣುಮಗಳೊಬ್ಬಳು ಗಡಿಯ ಹತ್ತಿರ ಆ ಗುಂಡಿ ಒತ್ತಿದರೆ ಎರಡೂ ರಾಜ್ಯಗಳ ಪೊಲೀಸರಿಗೆ ಆ ಕ್ಷಣವೇ ಗೊತ್ತಾಗಬೇಕು. ಗಡಿಯ ಈಚೆ ನಿಂತು 108ಕ್ಕೆ ಕರೆ ಮಾಡಿದಾಗ ಫೋನು ಆಚೆಯ ಟವರನ್ನು ಹಿಡಿದು, ಕರೆ ಇನ್ನೊಂದು ರಾಜ್ಯದ ಕೇಂದ್ರಕ್ಕೆ ಹೋದದ್ದನ್ನು ನಮ್ಮೂರಿನವರು ಕಂಡಿದ್ದಾರೆ.

ತಲಪಾಡಿಯಿಂದ ಚೆಂಗಳದವರೆಗಿನ 39 ಕಿ.ಮೀ. ಹೆದ್ದಾರಿ ಷಟ್ಪಥವಾಗಿದೆ. ಇದಕ್ಕೆ ಹೊಂದಿಕೊಂಡು ತಲಪಾಡಿಯ ಎರಡೂ ಬದಿಯಲ್ಲಿ ಕರೆ ಮತ್ತು ಡೇಟಾ ಕಡಿಯದಂತೆ ಹಸ್ತಾಂತರದ ವ್ಯವಸ್ಥೆ ಮಾಡಬೇಕೆಂದು ದೂರಸಂಪರ್ಕ ಇಲಾಖೆ ಕಂಪೆನಿಗಳಿಗೆ ಸೂಚಿಸಬೇಕು. 108 ಮತ್ತು 112ರ ಕೇಂದ್ರಗಳು ಗಡಿಭಾಗದ ಕರೆಯನ್ನು ತಕ್ಷಣ ಪರಸ್ಪರ ವರ್ಗಾಯಿಸುವಂತೆ ಎರಡೂ ಸರಕಾರಗಳು ಒಪ್ಪಂದ ಮಾಡಿಕೊಳ್ಳಬೇಕು. ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಸಂಸದರು ಒಟ್ಟಾಗಿ ಈ ಬೇಡಿಕೆಯನ್ನು ದೆಹಲಿಯಲ್ಲಿ ಮಂಡಿಸಬೇಕೆಂದು ವಿನಂತಿಸುತ್ತೇನೆ.

ಇತಿ,
ಓರ್ವ ಓದುಗ, ಉಪ್ಪಳ